ನೀರಿಳಿವು

ವೇದಸಂದೂರಿನ ಟೀ ಅಂಗಡಿಗೆ ಹೋದಾಗಲೆಲ್ಲ ನನ್ನ ಸೋದರತ್ತೆ ಒಂದೇ ಮಾತು ಹೇಳುತ್ತಾರೆ. ಮೊದಲು ಅಂಗಡಿಯವನಿಗೆ ತಮಿಳಿನಲ್ಲಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ: "ಸಕ್ಕರೆ ಇದೆ, ಸೀನಿ ಬೇಡ." ಬೆಂಗಳೂರಿನಲ್ಲಿ ಹೀಗಂದರೆ ಜನ ಮುಖ ಮುಖ ನೋಡಿಯಾರು. ಅಲ್ಲಿ ಯಾರಿಗೂ ಗೊಂದಲವಿಲ್ಲ. ಮಧುರೆ, ದಿಂಡಿಗಲ್, ತೇನಿ ಸೀಮೆಯಲ್ಲಿ ಲೋಟಕ್ಕೆ ಬೀಳುವ ಬಿಳಿ ಹರಳಿಗೆ ಸೀನಿ ಎನ್ನುತ್ತಾರೆ. ಚೀನಾ ದೇಶದ ಹೆಸರು ಹೊತ್ತುಕೊಂಡು ಬಂದ ಮಾತು ಅದು. ಸಕ್ಕರೆ, ಅವರ ಬಾಯಲ್ಲಿ ಸಕ್ಕರೈ, ಬೆಲ್ಲದ ಜಾತಿಯ ನಾಟುಸಕ್ಕರೆಗೂ ರೋಗಕ್ಕೂ ಮೀಸಲು.

ಅತ್ತೆಯ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದುಬರಹವೆಲ್ಲ ತಮಿಳಿನಲ್ಲೇ. ಆ ಕಡೆಯ ಒಕ್ಕಲಿಗರು, ಕಂಬಂ ಕಣಿವೆಯ ಕಪ್ಪಿಲಿಯರು, ಅನುಪ್ಪರು, ಎಲ್ಲರ ಮನೆಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಮಧುರಾ ಜಿಲ್ಲೆಯ ಗೆಜೆಟಿಯರ್‌ನಲ್ಲೇ ಕಪ್ಪಿಲಿಯರ, ಅನುಪ್ಪರ ವಿಚಾರ ಬರುತ್ತದೆ. ಆ ಹೊತ್ತಿಗಾಗಲೇ ಅವರು ಅಲ್ಲಿಯ ಹಳಬರು. ಇಂಥ ಮನೆಗಳಲ್ಲಿ ಕನ್ನಡದ ಅಕ್ಷರ ಬಲ್ಲವರು ಸಿಗುವುದು ಅಪರೂಪ, ಕನ್ನಡದ ಕಿವಿ ಇಲ್ಲದವರು ಇನ್ನೂ ಅಪರೂಪ. ನನ್ನ ಕಥೆ ಶುರುವಾಗುವುದು ಆ ಕಿವಿಯಿಂದ.

ಒಮ್ಮೆ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿಯ ಸಾಲು ಉದ್ದವಿತ್ತು. ಎದುರಿನ ಗೋಡೆಯ ಮೇಲೆ ದೊಡ್ಡ ತಮಿಳು ಅಕ್ಷರದಲ್ಲಿ ಒಂದು ಭಿತ್ತಿಪತ್ರ. ಅತ್ತೆ ಕಣ್ಣು ಕಿರಿದು ಮಾಡಿ, ಅಕ್ಷರ ಅಕ್ಷರ ಕೂಡಿಸಿ ಓದಿದರು: "ನೀ-ರಿ-ಳಿ-ವು ನೋಯ್." ಸಕ್ಕರೆ ಕಾಯಿಲೆಗೆ ತಮಿಳಿನ ಪುಸ್ತಕದ ಹೆಸರು. ಬರೆಯುವಾಗ ಅದು ನೀರಿೞಿವು. ತೆಂಕಣ ತಮಿಳುನಾಡಿನ ಜನರ ನಾಲಗೆ ೞಕಾರವನ್ನು ಬಹುಮಟ್ಟಿಗೆ ಳಕಾರ ಮಾಡಿಬಿಡುತ್ತದೆ. ಅಲ್ಲಿಂದ ಒಂದೆರಡು ಗಂಟೆಯ ದಾರಿಯ ಪಳನಿ ಬರಹದಲ್ಲಿ ಪೞನಿ, ಮಾತಿನಲ್ಲಿ ನಮ್ಮಂತೆಯೇ ಪಳನಿ. ಅತ್ತೆ ಓದಿದ್ದು ತಮಿಳು, ನನಗೆ ಕೇಳಿಸಿದ್ದು ಶುದ್ಧ ಕನ್ನಡ: ನೀರು, ಇಳಿವು.

ಇಳಿ ಎಂಬ ಧಾತು ಹಳಗನ್ನಡದಲ್ಲಿ ಇೞಿ. ತಮಿಳಿಗೂ ನಮಗೂ ಹಂಚದೆ ಉಳಿದ ಪಿತ್ರಾರ್ಜಿತ ಆಸ್ತಿ ಇದು. ನಾವು ನಮ್ಮ ಪಾಲಿನ ೞಕಾರವನ್ನು ಕಳೆದುಕೊಂಡೆವು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಯಾವ ಶಬ್ದದಲ್ಲಿ ಳ, ಯಾವುದರಲ್ಲಿ ೞ ಎಂದು ಬಿಡಿಸಿ ತೋರಿಸಬೇಕಾಯಿತು. ಜನ ಸರಿಯಾಗಿ ಉಚ್ಚರಿಸುತ್ತಿದ್ದರೆ ವ್ಯಾಕರಣಕಾರನಿಗೆ ಆ ಕಷ್ಟ ಯಾಕೆ? ಅಕ್ಷರ ಹೋದರೂ ಧಾತು ಸೊರಗಲಿಲ್ಲ. ಇಳಿಜಾರು, ಇಳಿಹೊತ್ತು, ಇಳಿವಯಸ್ಸು ಬಂದವು. ಜ್ವರ ಇಳಿಯಿತು, ಮತ್ತು ಇಳಿಯಿತು, ಬೆಲೆ ಇಳಿಯಿತು. ಮಗುವಿಗೆ ದೃಷ್ಟಿ ಇಳಿಸಿದೆವು. ತಮಿಳಿನಲ್ಲಿ ಅದೇ ಧಾತು ಸ್ವಲ್ಪ ಕೆಳಕ್ಕೆ ಬಿತ್ತು: ಅಲ್ಲಿ ಇೞಿವು ಎಂದರೆ ಹೀನತೆ, ಅವಮಾನ ಎಂಬ ಅರ್ಥವೂ ಇದೆ. ರೋಗದ ಹೆಸರಿನಲ್ಲಿ ಮಾತ್ರ ಅದು ಹಳೆಯ ಅರ್ಥದಲ್ಲೇ ಉಳಿದುಕೊಂಡಿದೆ. ಮೈಯೊಳಗಿನ ನೀರು ಮತ್ತೆ ಮತ್ತೆ ಕೆಳಗೆ ಇಳಿದು ಹೋಗುತ್ತದೆ, ಅದಕ್ಕೆ ನೀರಿೞಿವು.

ಗ್ರೀಕರಿಗೆ ಕಂಡದ್ದೂ ಇದೇ. ಅವರ 'ಡಯಾಬಿಟಿಸ್' ಎಂದರೆ ದಾಟಿ ಹೋಗುವುದು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಎಳೆಯುವ ಬಾಗಿದ ಕೊಳವೆಗೂ ಅದೇ ಹೆಸರು. ಎರಡನೆಯ ಶತಮಾನದ ವೈದ್ಯ ಕಪಡೋಸಿಯದ ಅರೆಟಿಯಸ್ ಈ ರೋಗವನ್ನು ವರ್ಣಿಸುವಾಗ ಮಾಂಸವೇ ಕರಗಿ ಮೂತ್ರವಾಗಿ ಹೋಗುತ್ತದೆ ಎಂಬಂತೆ ಬರೆದ. ತಮಿಳರೂ ಗ್ರೀಕರೂ ಹರಿವನ್ನು ನೋಡಿದರು, ರುಚಿಯನ್ನು ಹೆಸರಿಗೆ ಸೇರಿಸಿದವರು ನಮ್ಮ ಸಂಸ್ಕೃತದ ವೈದ್ಯರು. ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿದ ಚರಕ, ಸುಶ್ರುತರ ಪರಂಪರೆಯಲ್ಲಿ ಒಂದು ಮಧುಮೇಹ, ಜೇನಿನಂಥ ಮೂತ್ರ. ಅದಕ್ಕೆ ಇರುವೆ ಮುತ್ತುವುದನ್ನೂ ಅವರು ಗಮನಿಸಿದ್ದರು. ಪ್ರಯೋಗಾಲಯ ಇಲ್ಲದ ಕಾಲದಲ್ಲಿ ಇರುವೆಗಿಂತ ನಂಬಿಗಸ್ತ ತಜ್ಞ ಇನ್ನಾರು?

ಮೇಹದ ಧಾತು ಮಿಹ್, ಸುರಿಸು ಎಂದು. ಯಾಸ್ಕರ ನಿರುಕ್ತವು ಮೇಘ ಶಬ್ದವನ್ನೂ ಇಲ್ಲಿಂದಲೇ ಬಿಡಿಸುತ್ತದೆ: ಸುರಿಸುವುದರಿಂದ ಅದು ಮೇಘ. ಸಂಸ್ಕೃತದಲ್ಲಿ ಒಂದಕ್ಕೆ ಹಕಾರ, ಒಂದಕ್ಕೆ ಘಕಾರ ಇದ್ದು ಮರ್ಯಾದೆ ಉಳಿಯಿತು. ತಮಿಳು ಲಿಪಿಯಲ್ಲಿ ಆ ಬೇಲಿಯೂ ಇಲ್ಲ. ಮೋಡಕ್ಕೂ ಮೇಗಂ, ಮೇಹಕ್ಕೂ ಮೇಗಂ. ಮಧುಮೇಹವನ್ನು ತಮಿಳಿನಲ್ಲಿ ಬರೆದರೆ ಜೇನುಮೋಡ ಎಂದೂ ಓದಬಹುದು. ಒಂದು ರೋಗಕ್ಕೆ ಇಷ್ಟು ಚೆಂದದ ಹೆಸರು ಕೈತಪ್ಪಿ ಸಿಕ್ಕಿದ್ದು ಇನ್ನೆಲ್ಲಿಯೂ ಇರಲಾರದು.

ನಾನು ಇದನ್ನೆಲ್ಲ ಯೋಚಿಸುತ್ತ ಕೂತಿದ್ದರೆ ಅತ್ತೆ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದರು. "ಇದು ಹತ್ತೋದಿಲ್ಲ ಈಗ. ಕಾಲಿಗೆ ನೀರು ಇಳಿದದೆ."

ನೀರು ಇಳಿದಿದೆ! ಗೋಡೆಯ ಮೇಲಿನ ತಮಿಳು ಮಾತು ಮತ್ತು ಅತ್ತೆಯ ಬಾಯಿಯ ಕನ್ನಡ ಮಾತು, ಎರಡೂ ಅವೇ ಎರಡು ಶಬ್ದ. ತಮಿಳಿನಲ್ಲಿ ಅದು ಸಕ್ಕರೆ ಕಾಯಿಲೆ. ಕನ್ನಡದಲ್ಲಿ ಅದು ಮೊಣಕಾಲಿನ ಕೆಳಗೆ ನಿಂತ ಬಾವು. ತಮಿಳಿನ ನೀರು ಇಳಿದು ಹೊರಗೆ ಹೋಗುತ್ತದೆ, ಕನ್ನಡದ ನೀರು ಇಳಿದು ಒಳಗೇ ನಿಲ್ಲುತ್ತದೆ. ಈ ಎರಡನೆಯ ನೀರಿಗೆ ಕಾರಣ ಬೇಕಾದಷ್ಟಿರಬಹುದು: ಮೂತ್ರಪಿಂಡ, ಯಕೃತ್ತು, ಕಾಲಿನ ರಕ್ತನಾಳಗಳು, ಕೆಲವು ಬಿಪಿ ಮಾತ್ರೆಗಳು. ಅತ್ತೆಗೆ ಅದು ಹೃದಯದಿಂದ ಬಂದಿತ್ತು. ಅದು ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ವಯಸ್ಸಾಯಿತಲ್ಲ ಎಂದರು. ಇನ್ನೊಂದು ಕಡೆ ಗ್ಯಾಸು ಎಂದರು. ಅತ್ತೆಯ ತಕರಾರುಗಳೂ ಬಿಡಿಬಿಡಿಯಾಗಿದ್ದವು. ಕಾಲು 'ವೀಂಗುತ್ತದೆ' ಎನ್ನುತ್ತಿದ್ದರು. ತಮಿಳಿನ ವೀಂಗು ನಮ್ಮ ಬೀಗು; ಊದಿಕೊಳ್ಳುವುದು. ನಮ್ಮ ಕಡೆ ಗರ್ವದಿಂದ ಬೀಗುವವರೇ ಹೆಚ್ಚು, ಅಲ್ಲಿ ಕಾಲೂ ಬೀಗುತ್ತದೆ. 'ಮೂಚ್ಚು ವಾಂಗುದು' ಎನ್ನುತ್ತಿದ್ದರು, ಏದುಸಿರು ಬರುತ್ತದೆ ಎಂದು. ರಾತ್ರಿ ಒಂದು ದಿಂಬು ಸಾಲದೆ ಎರಡಾಯಿತು, ಎರಡು ಮೂರಾಯಿತು. ದಿಂಬಿನ ಲೆಕ್ಕವನ್ನು ಯಾವ ವೈದ್ಯರೂ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಎದೆನೋವು ಒಂದು ದಿನವೂ ಬರಲಿಲ್ಲ. ಎದೆ ನೋಯದಿದ್ದರೆ ಹೃದಯದ ಕಾಯಿಲೆ ಹೇಗಾದೀತು ಎಂಬುದು ಮನೆಯವರೆಲ್ಲರ ನಂಬಿಕೆ.

ಕೊನೆಗೆ ಹಿಡಿದದ್ದು ಮಾತ್ರೆ ಕೊಡಲು ಮನೆಗೆ ಬರುವ ಹೆಣ್ಣುಮಗಳು. ತಮಿಳುನಾಡಿನಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಇದೆ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುವಾದದ್ದು. ಬಿಪಿ, ಸಕ್ಕರೆಯ ಮಾತ್ರೆಯನ್ನು ಮನೆಬಾಗಿಲಿಗೆ ತಲುಪಿಸುತ್ತಾರೆ. ಹೆಸರಿನ 'ಮಕ್ಕಳೈ' ಎಂದರೆ ಜನರನ್ನು, ನಮ್ಮ ಮಕ್ಕಳಲ್ಲ. ಆಕೆ ಅಂಗಳದಲ್ಲಿ ಕೂತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣಕಾಲಿನ ಮೇಲಿನ ಎಲುಬಿಗೆ ಹೆಬ್ಬೆರಳು ಒತ್ತಿ, ಮನಸ್ಸಿನಲ್ಲೇ ಎಣಿಸಿ, ಎತ್ತಿದಳು. ಚರ್ಮದಲ್ಲಿ ಗುಂಡಿ ಬಿದ್ದಿತ್ತು. ಹುಣಸೆಬೀಜ ಕೂರುವಷ್ಟು. ನಾವು ನೋಡುತ್ತಲೇ ಇದ್ದೆವು, ಗುಂಡಿ ಮುಚ್ಚಲಿಲ್ಲ. "ಎಕೋ ಮಾಡಿಸಿ," ಎಂದಳು.

ಹೃದಯದ ಎಕೋ ಸ್ಕ್ಯಾನಿನಲ್ಲಿ ಸಿಕ್ಕಿದ್ದಕ್ಕೆ ಕನ್ನಡದಲ್ಲಿ ಹೃದಯ ವೈಫಲ್ಯ ಎಂದು ಹೆಸರು. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ವೈಫಲ್ಯ ಎಂದರೆ ಫಲ ಇಲ್ಲದ್ದು, ಪರೀಕ್ಷೆಯಲ್ಲಿ ನಪಾಸಾದಂತೆ. ಕೇಳಿದವರು ಹೃದಯ ನಿಂತೇಹೋಯಿತು ಎಂದುಕೊಳ್ಳುತ್ತಾರೆ, ಇಲ್ಲವೇ ಹೃದಯಾಘಾತ ಎಂದುಕೊಳ್ಳುತ್ತಾರೆ. ತಮಿಳಿನ ಮಾತು 'ಇದಯ ಸೆಯಲಿೞಪ್ಪು', ಕೆಲಸ ಮಾಡುವುದನ್ನು ಕಳೆದುಕೊಂಡದ್ದು. (ಇದರ ಇೞಪ್ಪು ಬೇರೆ, ನಮ್ಮ ಇೞಿವು ಬೇರೆ, ಕಿವಿಗೆ ಹತ್ತಿರ ಎಂದು ಒಂದೇ ಬೇರಿಗೆ ಕಟ್ಟಬಾರದು.) ನಿಜದಲ್ಲಿ ಆಗುವುದು ಇಷ್ಟು: ಹೃದಯ ನಿಂತಿಲ್ಲ, ಬಡಿಯುತ್ತಲೇ ಇದೆ. ಆದರೆ ಮೈಗೆ ಬೇಕಾದಷ್ಟು ರಕ್ತವನ್ನು ತಳ್ಳಲಾರದು, ಅಥವಾ ಬಿಗಿದುಕೊಂಡು ಸಡಿಲವಾಗಿ ತುಂಬಿಕೊಳ್ಳಲಾರದು. ಮುಂದೆ ಹೋಗದ ನೀರು ಹಿಂದೆ ನಿಲ್ಲುತ್ತದೆ. ಶ್ವಾಸಕೋಶದಲ್ಲಿ ನಿಂತರೆ ಏದುಸಿರು, ಕಾಲಲ್ಲಿ ನಿಂತರೆ ಬಾವು. ಅಜ್ಜಿಯರು ಕಾಲಿಗೆ ನೀರು ಇಳಿಯಿತು ಎಂದದ್ದು ವೈಫಲ್ಯಕ್ಕಿಂತ ಎಷ್ಟೋ ಕರಾರುವಾಕ್ಕು.

ಹೊರಗೆ ಹರಿಯುವ ತಮಿಳು ನೀರಿಗೂ ಒಳಗೆ ನಿಲ್ಲುವ ಕನ್ನಡ ನೀರಿಗೂ ನಂಟೇನು? ಇದನ್ನು ಅಂಕಿಯಲ್ಲಿ ಹಿಡಿದದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ. 1948ರಿಂದ ಅಲ್ಲಿನ 5,209 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 1974ರಲ್ಲಿ ಬಂದ ವರದಿಯ ಪ್ರಕಾರ ಮಧುಮೇಹವಿದ್ದ ಗಂಡಸರಿಗೆ ಹೃದಯ ವೈಫಲ್ಯದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು, ಹೆಂಗಸರಿಗೆ ಸುಮಾರು ಐದು ಪಟ್ಟು. ಹೆಂಗಸರಿಗೆ ಐದು ಪಟ್ಟು! ಇದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ಶರ್ಲಿ ರೂಬ್ಲರ್ ಎಂಬ ವೈದ್ಯೆ ಮತ್ತು ಸಂಗಡಿಗರು ಮಧುಮೇಹವಿದ್ದು ತೀರಿಕೊಂಡ ನಾಲ್ವರ ಹೃದಯಗಳನ್ನು ಪರೀಕ್ಷಿಸಿ ಬರೆದಿದ್ದರು. ಆ ಹೃದಯಗಳ ದೊಡ್ಡ ರಕ್ತನಾಳಗಳಲ್ಲಿ ದೂರು ಹೇಳುವಂಥ ಅಡ್ಡಿ ಇರಲಿಲ್ಲ. ಸ್ನಾಯುವೇ ಕೆಟ್ಟಿತ್ತು.

ಸಕ್ಕರೆ ಹೃದಯಕ್ಕೆ ಹೋಗುವ ದಾರಿ ಒಂದೇ ಅಲ್ಲ. ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಹೆದ್ದಾರಿ. ಬಹುಕಾಲದ ಸಕ್ಕರೆ ನರಗಳನ್ನು ಮಂದ ಮಾಡುವುದರಿಂದ ಆಘಾತವಾದರೂ ನೋವು ತಿಳಿಯದೆ ಹೋಗಬಹುದು. 'ಎದೆ ಒಂದು ದಿನವೂ ನೋಯಲಿಲ್ಲ' ಎಂಬ ಅತ್ತೆಯ ಮಾತು ಸಮಾಧಾನದ ಮಾತಾಗಿರಲಿಲ್ಲ. ಬಿಪಿ ಒಂದು ದಾರಿ. ಸೋತ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುದು ಇನ್ನೊಂದು. ಒಳದಾರಿಯೂ ಇದೆ: ಹೆಚ್ಚುವರಿ ಸಕ್ಕರೆ ಹೃದಯದ ನಾರಿನ ಎಳೆಗಳಿಗೆ ಅಂಟಿ ಒಂದಕ್ಕೊಂದು ಹೊಲಿದಂತೆ ಬಿಗಿ ಮಾಡುತ್ತದೆ, ಪಾಕ ಗಟ್ಟಿಯಾದ ಮೇಲೆ ಸೌಟು ತಿರುಗಿಸಲು ಬಾರದಂತೆ. ಅಲ್ಲದೆ ಇನ್ಸುಲಿನ್ನಿನ ಮಾತು ಕೇಳದ ಹೃದಯ ಸಕ್ಕರೆಯನ್ನು ಉರುವಲಾಗಿ ಬಳಸಲಾರದೆ ಕೊಬ್ಬನ್ನೇ ಉರಿಸುತ್ತ ಕೂರುತ್ತದೆ. ಅದಕ್ಕೆ ಆಮ್ಲಜನಕದ ಖರ್ಚು ಹೆಚ್ಚು. ಸುತ್ತ ಸಕ್ಕರೆಯಿದ್ದೂ ಹಸಿದ ಒಲೆ. ವೇದಸಂದೂರಿನಲ್ಲಿ ತಂಬಾಕು ಸಂಶೋಧನೆಯ ಒಂದು ಕೇಂದ್ರವೇ ಇದೆ, ಹೊಗೆಸೊಪ್ಪು ಆ ನೆಲದ ಬೆಳೆ. ಅದನ್ನೂ ಸೇರಿಸಿಕೊಂಡವರ ದಾರಿ ಇನ್ನೂ ಹತ್ತಿರ.

ಹಾಗಾದರೆ ಸಕ್ಕರೆ ಇಳಿಸಿದರೆ ನೀರೂ ಇಳಿಯಬೇಕಲ್ಲ? ವೈದ್ಯರೂ ಹಾಗೇ ಅಂದುಕೊಂಡಿದ್ದರು. 2008ರಲ್ಲಿ 'ಅಕಾರ್ಡ್' ಎಂಬ ದೊಡ್ಡ ಪ್ರಯೋಗದಲ್ಲಿ ರಕ್ತದ ಸಕ್ಕರೆಯನ್ನು ತೀರ ಕೆಳಗೆ ತಳ್ಳಿಟ್ಟ ಗುಂಪಿನಲ್ಲಿ ಸಾವು ಹೆಚ್ಚು ಕಂಡು ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಕ್ಕರೆ ಹದದಲ್ಲಿರಬೇಕು, ಕಣ್ಣಿಗೂ ಮೂತ್ರಪಿಂಡಕ್ಕೂ ಅದು ಬೇಕೇ ಬೇಕು. ಹೃದಯದ ಲೆಕ್ಕ ಮಾತ್ರ ಅಷ್ಟಕ್ಕೇ ಚುಕ್ತಾ ಆಗಲಿಲ್ಲ. ಪಿಯೋಗ್ಲಿಟಜೋನ್ ಜಾತಿಯ ಮಾತ್ರೆಗಳಂತೂ ಸಕ್ಕರೆ ಇಳಿಸುತ್ತಲೇ ಕಾಲಲ್ಲಿ ನೀರು ಏರಿಸಬಲ್ಲವು. ಒಂದು ಇಳಿದರೆ ಒಂದು ಏರು.

ಇಲ್ಲಿ ನಾನು ಸ್ವಲ್ಪ ಮಾಂಸದ ಅಂಗಡಿಯ ಕಡೆ ತಿರುಗಬೇಕು. ಕನ್ನಡದಲ್ಲಿ ಹೃದಯಕ್ಕೆ ಗುಂಡಿಗೆ ಎನ್ನುತ್ತೇವೆ. ಗುಂಡಿಗೆ ಗಟ್ಟಿ ಇದ್ದವನು ಧೈರ್ಯವಂತ, ಕೆಟ್ಟ ಸುದ್ದಿಗೆ ಗುಂಡಿಗೆ ಒಡೆಯುತ್ತದೆ. ತೆಲುಗಿನಲ್ಲಿ ಗುಂಡೆ, ಕುರಿಯ ಹೃದಯಕ್ಕೆ ಗುಂಡೆಕಾಯ. ದಿಂಡಿಗಲ್ ಸೀಮೆಯಲ್ಲಿ ತೆಲುಗು ಮನೆಗಳೂ ಬೇಕಾದಷ್ಟು. ಈಗ ಅಲ್ಲಿಯ ಮಟನ್ ಅಂಗಡಿಗೆ ಹೋಗಿ ತಮಿಳಿನಲ್ಲಿ 'ಕುಂಡಿಕ್ಕಾಯ್' ಕೊಡಪ್ಪಾ ಎನ್ನಿ. (ನಗಬೇಡಿ, ಹಿಂಭಾಗಕ್ಕೆ ತಮಿಳರೂ ಕುಂಡಿ ಎಂದೇ ಅನ್ನುತ್ತಾರೆ, ಆದರೂ ಅಂಗಡಿಯಲ್ಲಿ ಯಾರೂ ನಗುವುದಿಲ್ಲ.) ಅವನು ಹೃದಯ ಕೊಡುವುದಿಲ್ಲ. ಮೂತ್ರಪಿಂಡ ಕೊಡುತ್ತಾನೆ. ಗುಂಡೆಕಾಯ, ಕುಂಡಿಕ್ಕಾಯ್, ಗುಂಡಿಗೆ: ಒಂದೇ ಬಳ್ಳಿಯ ಕಾಯಿಗಳೆಂದೇ ನನಗೆ ಕಾಣುತ್ತದೆ, ಗುಂಡಗಿರುವ ಒಳ ಅಂಗ ಎಂಬುದು ಮೂಲದ ಅರ್ಥವಿರಬೇಕು. ಒಂದು ಭಾಷೆಯಲ್ಲಿ ಎದೆಗೆ ಹತ್ತಿತು, ಇನ್ನೊಂದರಲ್ಲಿ ಸೊಂಟಕ್ಕೆ ಇಳಿಯಿತು. ಹಳಗನ್ನಡದಲ್ಲಿ ಗುಂಡಿಗೆ ಎಂಬ ಇನ್ನೊಂದು ಮಾತೂ ಇದೆ, ಜೈನಮುನಿಗಳು ಕುಂಚದ ಜೊತೆ ಹಿಡಿಯುವ ನೀರಿನ ಕಮಂಡಲು. ಅದು ಸಂಸ್ಕೃತದ ಕುಂಡಿಕೆಯಿಂದ ಬಂದದ್ದು, ಹುಟ್ಟಿನಿಂದ ಸಂಬಂಧವಿಲ್ಲ. ಆದರೂ ನೀರು ತುಂಬಿ ಭಾರವಾದ ಎದೆ ಹೊತ್ತ ಅತ್ತೆಯ ಮುಂದೆ ಕೂತವನಿಗೆ ಆ ಎರಡನೆಯ ಗುಂಡಿಗೆಯೂ ನೆನಪಾಗದೆ ಇರಲಿಲ್ಲ.

ನಮ್ಮ ಹಿರಿಯರಿಗೆ ಹೃದಯ ಮತ್ತು ಮೂತ್ರಪಿಂಡದ ಒಳಸಂಬಂಧ ಮೊದಲೇ ಗೊತ್ತಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಅಂಥ ಬರಹಗಳು ಬೇಕಾದಷ್ಟಿವೆ. ಆಕಾರ ನೋಡಿ ಹೆಸರಿಟ್ಟರು, ಅಷ್ಟೆ. ಆದರೆ ಅತ್ತೆಯ ಚೀಟಿಯಲ್ಲಿ ಹೃದಯ ವೈದ್ಯರು ಬರೆದ ಮಾತ್ರೆ ಕೆಲಸ ಮಾಡುವುದು ಮೂತ್ರಪಿಂಡದಲ್ಲಿ.

ಅದರ ಹುಟ್ಟೂ ಒಂದು ಮರದ ಬೇರಿನಲ್ಲಿ. 1835ರಲ್ಲಿ ಯುರೋಪಿನ ರಸಾಯನಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ಪದಾರ್ಥ ತೆಗೆದರು. ಜ್ವರಕ್ಕೆ ಮದ್ದಾದೀತೆಂದು ನೋಡಿದರು. 1886ರ ಹೊತ್ತಿಗೆ ಜರ್ಮನಿಯ ಫಾನ್ ಮೆರಿಂಗ್ ಅದರ ನಿಜಗುಣ ಕಂಡುಕೊಂಡ: ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಬರುತ್ತದೆ. ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತದೆ. ಅದರೊಂದಿಗೆ ಸೋಸಿಹೋದ ಸಕ್ಕರೆಯನ್ನೆಲ್ಲ ಒಂದು ಹನಿ ಬಿಡದೆ ಮತ್ತೆ ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಸಕ್ಕರೆಯೊಂದಿಗೆ ಉಪ್ಪೂ ಅದೇ ಬಾಗಿಲಲ್ಲಿ ನುಸುಳುತ್ತದೆ. ಆ ಬಾಗಿಲಿಗೆ ಚಿಲಕ ಹಾಕಿದರೆ ಸಕ್ಕರೆ, ಉಪ್ಪು, ಜೊತೆಗೆ ನೀರು ಹೊರಗೆ ಇಳಿದುಹೋಗುತ್ತವೆ. ಫ್ಲೋರಿಜಿನ್ನಿನ ವಂಶದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮಾಡುವುದು ಇದನ್ನೇ. ಸಕ್ಕರೆ ಇಳಿಸಲು ಬಂದ ಎಂಪಾಗ್ಲಿಫ್ಲೋಜಿನ್ ಹೃದಯಕ್ಕೆ ಅಪಾಯವೇ ಎಂದು ನೋಡಲು 7,020 ಜನರ ಮೇಲೆ ಪ್ರಯೋಗ ನಡೆಯಿತು. 2015ರಲ್ಲಿ ಫಲಿತಾಂಶ ಬಂತು. ಅಪಾಯ ಹುಡುಕಲು ಹೋದವರಿಗೆ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವವರು ಶೇ. 35ರಷ್ಟು ಕಡಿಮೆಯಾದದ್ದು ಕಂಡಿತು. 2019ರಲ್ಲಿ ಇನ್ನೂ ಆಶ್ಚರ್ಯ: ಸಕ್ಕರೆ ಕಾಯಿಲೆಯೇ ಇಲ್ಲದ ಹೃದಯರೋಗಿಗಳಿಗೂ ಡಾಪಾಗ್ಲಿಫ್ಲೋಜಿನ್ ಉಪಕಾರ ಮಾಡಿತ್ತು. ನೀರು ಇಳಿಸುವುದಷ್ಟೇ ಇದರ ಗುಟ್ಟಲ್ಲ, ಉಳಿದದ್ದೇನು ಎಂಬ ವಾದ ವೈದ್ಯರ ನಡುವೆ ಇನ್ನೂ ನಡೆದೇ ಇದೆ.

ಪದದ ಬೆನ್ನು ಹತ್ತಿದವನಿಗೆ ಇದರಲ್ಲಿ ಬೇರೆಯದೇ ರುಚಿ ಇದೆ. ಎರಡು ಸಾವಿರ ವರ್ಷ ಮಧುಮೇಹ ಎಂದರೆ ರೋಗ. ಈಗ ವೈದ್ಯರು ಬೇಕೆಂದೇ ಮೂತ್ರವನ್ನು ಸಿಹಿ ಮಾಡುತ್ತಾರೆ, ದಿನಕ್ಕೆ ಅರವತ್ತು ಎಪ್ಪತ್ತು ಗ್ರಾಂ ಸಕ್ಕರೆ ಹೊರಗೆ ಹೋಗುವಷ್ಟು. ಮಧುಮೇಹಕ್ಕೆ ಮಧುಮೇಹವೇ ಮದ್ದು. ಚರಕರ ಇರುವೆ ಈಗ ಬಂದರೆ ಅದು ರೋಗ ಹೇಳಲು ಬಂತೋ, ಮಾತ್ರೆ ಕೆಲಸ ಮಾಡುತ್ತಿದೆ ಎಂದು ಹೇಳಲು ಬಂತೋ?

ಭಾರತದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೇಳಿತು. ಇಷ್ಟು ಜನರಲ್ಲಿ ಈ ಮಾತ್ರೆಯ ಬೆಲೆ ಕೊಡಬಲ್ಲವರು ಮೊದಲು ಕಡಿಮೆ ಇದ್ದರು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು, ಅರವತ್ತು ರೂಪಾಯಿ ಆಸುಪಾಸಿದ್ದ ಮಾತ್ರೆಯ ಜಾಗದಲ್ಲಿ ಅದರ ಹತ್ತರಲ್ಲೊಂದು ಪಾಲಿನ ಬೆಲೆಯವು ಬಂದವು. ಬೆಲೆ ಇಳಿಯಿತು. ಅತ್ತೆಗೆ ಮಾತ್ರೆ ಶುರುವಾದದ್ದು ಆಮೇಲೆ. ಈ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ. ಗುಪ್ತಾಂಗದಲ್ಲಿ ತುರಿಕೆ, ಸೋಂಕು ಬರಬಹುದು, ಉಪವಾಸವಿದ್ದಾಗ, ಆಪರೇಷನ್ನಿಗೆ ಮೊದಲು ನಿಲ್ಲಿಸಬೇಕಾಗಬಹುದು. ಅದೆಲ್ಲ ಅತ್ತೆಗೆ ಹೇಳಿದ್ದರು. ಉಪ್ಪು ಕಡಿಮೆ, ದಿನಾ ಬೆಳಿಗ್ಗೆ ತೂಕ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ ಎಂದೂ ಹೇಳಿದ್ದರು. ಒಂದನ್ನು ಮಾತ್ರ ಹೇಳಲು ಮರೆತಿದ್ದರು.

ಎರಡು ವಾರದ ಮೇಲೆ ಯಾವುದೋ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ದಾರೆ. ಸಕ್ಕರೆಯ ಮುಂದೆ ನಾಲ್ಕು ಪ್ಲಸ್ ಗುರುತು. ವರದಿ ಕೊಟ್ಟವನು "ತುಂಬ ಇದೆ, ಅಜ್ಜಿ" ಎಂದು ಹೆದರಿಸಿ ಕಳಿಸಿದ್ದಾನೆ. ಅತ್ತೆ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದರು. ಇಷ್ಟು ವರ್ಷದಲ್ಲಿ ನಾಲ್ಕು ಪ್ಲಸ್ ಬಂದದ್ದೇ ಇಲ್ಲವಂತೆ. ನಾನು ಸೇಬಿನ ಬೇರು, ಚಿಲಕ, ಬಾಗಿಲು ಎಂದು ಏನೇನೋ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಬಚ್ಚಲಿಗೆ ಇರುವೆ ಬತ್ತದಾ?" ಎಂದು ಕೇಳಿದರು. ಬಂದರೂ ಬರಬಹುದು ಎಂದೆ. ನೀರು ಹೊಯ್ಯುತ್ತೇನೆ ಬಿಡು ಎಂದರು.

ರಾತ್ರಿ ಎಷ್ಟು ದಿಂಬು ಅತ್ತೆ, ಎಂದು ಕೇಳಿದೆ. ಒಂದು ಎಂದರು.

"ಚಪ್ಪಲಿ?"

"ಹತ್ತತದೆ ಅಪ್ಪಾ. ನೀರು ಇಳೀತು."